ಒಂದನೇ ಸಂಪುಟದ ನಿಕಾಹ್

ನೆನಪಿನ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ. ಚರಿತ್ರೆ ಪಾಠ ಮಾಡುವವಳು ಹೀಗೆ ಹೇಳಬಾರದು. ಆದರೆ ಪಾಠ ಮಾಡಿ ಮಾಡಿಯೇ ಆ ಭರವಸೆ ಸವೆದುಹೋದದ್ದು. ದಿನಚರಿ ಬರೆಯುವ ಅಭ್ಯಾಸವಿದೆ; ಅದರಿಂದಲೂ ಉಪಕಾರವಾಗಿಲ್ಲ. ನಡೆದದ್ದನ್ನು ಬರೆಯುತ್ತೇನೆಂದು ಕುಳಿತರೆ ನಡೆಯಬೇಕಿತ್ತು ಅನಿಸಿದ್ದು ಮೊದಲು ಕಾಗದಕ್ಕೆ ಇಳಿದಿರುತ್ತದೆ. ಹಳೆಯ ಪುಟ ತಿರುವಿದರೆ ನಾನು ಯಾರಿಗೋ ಕೊಟ್ಟ ಚುರುಕಾದ ಉತ್ತರವೊಂದು ಅಲ್ಲಿ ಮಿಂಚುತ್ತಿರುತ್ತದೆ. ಆ ಹೊತ್ತಿನಲ್ಲಿ ನಾನು ಸುಮ್ಮನೆ ತಲೆಯಾಡಿಸಿ ಬಂದಿದ್ದೆ ಎಂಬ ಗುಮಾನಿ ನನಗೆ ಈಗಲೂ ಇದೆ. ಆದ್ದರಿಂದ ಕೆಳಗಿನದನ್ನು ಓದುಗರು ಕೈ ಸ್ವಲ್ಪ ಬಿಗಿಹಿಡಿದೇ ನಂಬಬೇಕು. ಒಂದು ಮದುವೆಯನ್ನು ನಾನೇ ಮುಂದೆ ನಿಂತು ಮಾಡಿಸಿದ್ದು ಮಾತ್ರ ಖಂಡಿತ.

ನಮ್ಮ ಮನೆ ಬಂಟ್ವಾಳದಲ್ಲಿ. ಮನೆಯಲ್ಲಿರುವುದು ನಾನು ಮತ್ತು ನನ್ನ ಗಂಡನ ತಾಯಿ ಇಬ್ಬರೇ. ಅವರನ್ನು ನಾನೂ ಉಮ್ಮ ಎಂದೇ ಕರೆಯುವುದು. ನಮ್ಮವರು ಸೌದಿಯ ದಮ್ಮಾಮಿನಲ್ಲಿ ಒಂದು ಕಂಪೆನಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ಮದುವೆಯಾಗಿ ಐದು ವರ್ಷ. ಒಟ್ಟಿಗೆ ಇದ್ದದ್ದನ್ನೆಲ್ಲ ಕೂಡಿಸಿದರೆ ಒಂದು ಮಳೆಗಾಲ ಮತ್ತು ಸ್ವಲ್ಪ ಚಳಿ. ಇದು ದೂರಲ್ಲ, ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಲೆಕ್ಕ ಹೀಗೆಯೇ. ಆ ವರ್ಷ ಅವರ ಕರಾರು ಮುಗಿಯುವುದಿತ್ತು. ಮತ್ತೆರಡು ವರ್ಷಕ್ಕೆ ಸಹಿ ಹಾಕುವುದೋ, ಊರಿಗೆ ಬಂದು ಬಿ.ಸಿ. ರೋಡಿನಲ್ಲಿ ಗೆಳೆಯನ ಹಾರ್ಡ್‌ವೇರ್ ಅಂಗಡಿಗೆ ಪಾಲುದಾರನಾಗುವುದೋ ಎಂಬುದು ಪ್ರಶ್ನೆ. ಫೋನು ಮಾಡಿದಾಗೆಲ್ಲ ಅವರು "ಏನು ಮಾಡುವ?" ಎಂದು ಕೇಳುತ್ತಿದ್ದರು. ನಾನು "ನಿಮಗೆ ಹೇಗೆ ಸರಿ ಕಾಣ್ತದೋ ಹಾಗೆ" ಎನ್ನುತ್ತಿದ್ದೆ. ಬನ್ನಿ ಎಂದರೆ ಅವರ ದುಡಿಮೆಗೆ ಅಡ್ಡ ಬಂದ ಹಾಗೆ, ಇರಿ ಎಂದರೆ ನೀವು ಬೇಡ ಎಂದ ಹಾಗೆ. ಅವರೂ ಬರ್ತೇನೆ ಎಂದವರಲ್ಲ. ಕರೆಯಲಿ ಎಂದು ಕಾಯುತ್ತಿದ್ದರೋ ಏನೋ. ಮರ್ಯಾದೆಯಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಸೋಲುತ್ತಿರಲಿಲ್ಲ. ಸಹಿಯ ದಿನ ಹತ್ತಿರವಾಗುತ್ತಿತ್ತು.

ಇದರ ನಡುವೆ ನಾನೊಂದು ಪುಸ್ತಕಮಾಲೆಗೆ ಬಿದ್ದಿದ್ದೆ. ಬೆಳ್ತಂಗಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹೊತ್ತಿಗೆ ಓದಲೆಂದು ಸಹೋದ್ಯೋಗಿಯೊಬ್ಬಳು ಫೋನಿಗೆ ಹಾಕಿಕೊಟ್ಟದ್ದು. ಇಂಗ್ಲಿಷಿನ ಏಳು ಸಂಪುಟ. ಒಂದು ದೊಡ್ಡ ನಗರ. ಅದರ ಬ್ಯಾಂಕು, ಮಾರ್ಕೆಟ್ಟು, ರೈಲು ನಿಲ್ದಾಣಗಳ ಅಡಿಯಲ್ಲಿ ಕಣ್ಣಿಗೆ ಕಾಣದ ಕಾವಲುಗಾರರ ವಶದಲ್ಲಿರುವ ಮಾಯದ ನಿಧಿಗಳು. ಅವನ್ನು ಹುಡುಕುವವರು ಜೋನಾ ಎಂಬ ಯುವಕ, ನೋರಾ ಎಂಬ ಯುವತಿ. ಸಂಪುಟಕ್ಕೊಂದು ನಿಧಿ ಸಿಗುತ್ತದೆ. ಇಬ್ಬರ ನಡುವಿನ ದೂರ ಮಾತ್ರ ಸಂಪುಟಕ್ಕೆ ಒಂದು ಬೆರಳಿನಷ್ಟೇ ಕಡಿಮೆಯಾಗುತ್ತದೆ. ನಾನು ನಿಧಿಗಾಗಿ ಓದುತ್ತಿದ್ದೇನೆಂದು ನಂಬಿಕೊಂಡಿದ್ದೆ. ಎಂ.ಎ.ಯಲ್ಲಿ ಶಾಸನ ಓದಿದವಳಿಗೆ ನೆಲದಡಿಯ ವಸ್ತುಗಳಲ್ಲಿ ಆಸಕ್ತಿ ಸಹಜ ತಾನೆ? ಆದರೆ ಒಂದು ಬೆಳಿಗ್ಗೆ ನೋರಾಳ ಶಾಲು ಜಾರಿ ಜೋನಾ ಅದನ್ನು ಎತ್ತಿಕೊಡಲೋ ಬೇಡವೋ ಎಂದು ಯೋಚಿಸುವ ಹೊತ್ತಿಗೆ ನಾನು ಬೆಳ್ತಂಗಡಿ ದಾಟಿ ಲಾಯಿಲದಲ್ಲಿದ್ದೆ. "ನಿಮ್ಮ ಕಾಲೇಜು ಹಿಂದೆ ಹೋಯ್ತಲ್ಲ ಮೇಡಂ, ಇವತ್ತು ರಜೆಯಾ?" ಎಂದ ಕಂಡಕ್ಟರ್. ಆ ಸಂಪುಟದ ನಿಧಿ ಏನಿತ್ತೆಂದು ಕೇಳಿದರೆ ಇವತ್ತು ನನಗೆ ನೆನಪಿಲ್ಲ.

ಒಂದು ಸಂಜೆ ಚಾ ಕುಡಿಯುತ್ತ ಫೋನು ನೋಡಿ ನಕ್ಕೆ. ಗಂಡ ಕಡಲಾಚೆ ಇರುವಾಗ ಸೊಸೆ ಫೋನು ನೋಡಿ ಒಬ್ಬಳೇ ನಗುವುದು ಎಂಥ ದೃಶ್ಯವೆಂದು ನನಗೆ ಹೊಳೆದದ್ದು ಉಮ್ಮನ ಮುಖ ನೋಡಿದ ಮೇಲೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಖಾರ ಸ್ವಲ್ಪ ಇಳಿದಿರುತ್ತದೆ.

"ಯಾರದು?" ಎಂದರು.

"ಯಾರೂ ಅಲ್ಲ ಉಮ್ಮ, ಪುಸ್ತಕ."

"ಪುಸ್ತಕದಲ್ಲಿ ಅಷ್ಟು ನಗಲಿಕ್ಕೆ ಉಂಟಾ? ನನಗೂ ಹೇಳು. ನಾನೂ ನಗ್ತೇನೆ."

ಹೇಳದೆ ಗತ್ಯಂತರವಿರಲಿಲ್ಲ. ಯಾವ ಊರು ಎಂದು ಕೇಳಿದರು. ಅಷ್ಟು ದೂರದ ನಗರವನ್ನು ವಿವರಿಸಲಾಗದೆ ಮೂಡುಬಿದಿರೆಯ ಹಾಗೊಂದು ಊರು ಎಂದೆ. "ಸರಿ, ಅಲ್ಲಿ ನೆಲದಡಿ ಸುರಂಗ ಉಂಟು ಅಂತ ನಾನೂ ಕೇಳಿದ್ದೇನೆ" ಎಂದು ಊರನ್ನು ಅಲ್ಲಿಗೇ ಇಳಿಸಿಬಿಟ್ಟರು. ಹುಡುಗನ ಹೆಸರು ಜೋನಾ, ನಮ್ಮಲ್ಲಿ ಯೂನುಸ್ ಎನ್ನುವುದೂ ಅದೇ ಹೆಸರು ಎಂದೆ. ಆಮೇಲೆ ನೋರಾ ನೂರಾ ಆಗಲು ಹೊತ್ತು ಹಿಡಿಯಲಿಲ್ಲ.

"ಮಾಟಮಂತ್ರ ಇದ್ದರೆ ನನಗೆ ಬೇಡ."

"ಇಲ್ಲ ಉಮ್ಮ, ಜಿನ್ನ್‌ಗಳು ಕಾಯುವ ನಿಧಿ."

"ಜಿನ್ನ್ ಆದರೆ ಆಗಬಹುದು. ಮುಂದೆ?"

"ಮುಂದೆ, ಇಬ್ಬರೂ ಸುರಂಗದ ಒಳಗೆ ಹೋದರು."

ಉಮ್ಮ ಗ್ಲಾಸು ಕೆಳಗಿಟ್ಟರು. "ಇಬ್ಬರೇಯಾ? ಆ ಹೆಣ್ಣು ಅವನಿಗೆ ಏನಾಗಬೇಕು?"

ಇಲ್ಲಿ ನಾನು ಮೂಲಕ್ಕೆ ನಿಷ್ಠಳಾಗಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಇಂಥ ಪುಸ್ತಕ ಓದಿ ನಗುವ ಸೊಸೆಯ ಕಥೆ ಬೇರೆ ಶುರುವಾಗುತ್ತಿತ್ತು. "ಹೆಂಡತಿ" ಎಂದೆ.

"ನಿಕಾಹ್ ಯಾವಾಗ ಆದದ್ದು?"

"ಒಂದನೇ ಸಂಪುಟದಲ್ಲೇ."

"ಅದನ್ನು ಮೊದಲೇ ಹೇಳಬೇಕಲ್ಲವಾ ಮಾರಾಯ್ತಿ? ಸರಿ, ಒಳಗೆ ಹೋಗಲಿ."

ಅವರೇನೋ ಒಳಗೆ ಹೋದರು. ಹೊರಗೆ ಬರಲಾಗದೆ ಒದ್ದಾಡಿದವಳು ನಾನು. ನಿಧಾನವಾಗಿ ಅರಳುವ ಪ್ರೇಮಕಥೆಯೊಂದಕ್ಕೆ ಆರಂಭದಲ್ಲೇ ಮದುವೆ ಮಾಡಿಸಿದರೆ ಮುಂದೆ ಎಷ್ಟು ಕಡೆ ತೇಪೆ ಹಾಕಬೇಕಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಎರಡನೇ ಸಂಪುಟದಲ್ಲಿ ಯೂನುಸ್ ಜೀಪಿನಲ್ಲಿ ಮಲಗುತ್ತಾನೆ, ನೂರಾ ಮನೆಯೊಳಗೆ. ಯಾಕೆ? ಅವನಿಗೆ ಬೆನ್ನುನೋವು ಎಂದೆ. ಬೆನ್ನುನೋವಿದ್ದವ ಜೀಪಿನಲ್ಲಿ ಮಲಗುವುದಾ ಎಂದರು. ನಾನು ಗ್ಲಾಸು ತೊಳೆಯಲು ಎದ್ದೆ. ಮರುದಿನ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಎಣ್ಣೆ ಹಚ್ಚಿ ಬಿಸಿನೀರು ಹೊಯ್ದಳಾ ಇಲ್ಲವಾ ಆ ನೂರಾ?" ಎಂದು ಕೇಳಿದರು. ಮೂರನೆಯದರಲ್ಲಿ ಅವನು ಅವಳಿಗೆ ಧನ್ಯವಾದ ಹೇಳುತ್ತಾನೆ. "ಹೆಂಡತಿಗಾ?" ಎಂದು ಉಮ್ಮ ತುಂಬ ಹೊತ್ತು ನಕ್ಕರು.

ನಾಲ್ಕನೆಯದರಲ್ಲಿ ನಾನು ಸಿಕ್ಕಿಬಿದ್ದೆ. ಅಲ್ಲೊಂದು ಬಾಗಿಲು. ಇಬ್ಬರು ಅಂಗೈಗೆ ಅಂಗೈ ಸೇರಿಸಿ ಹಿಡಿದರೆ ಮಾತ್ರ ತೆರೆಯುತ್ತದೆ. ಅದರ ಮುಂದೆ ಯೂನುಸನೂ ನೂರಾಳೂ ಪುಟಗಟ್ಟಲೆ ನಿಲ್ಲುತ್ತಾರೆ. ಬೇರೆ ಕೀಲಿ ಹುಡುಕುತ್ತಾರೆ, ಗೋಡೆ ಒಡೆಯಲು ನೋಡುತ್ತಾರೆ, ಕೈ ಮಾತ್ರ ಚಾಚುವುದಿಲ್ಲ.

"ಗಂಡ ಹೆಂಡತಿ ಕೈ ಹಿಡಿಯಲಿಕ್ಕೆ ಏನು ಕಷ್ಟ?" ಎಂದು ಉಮ್ಮ ಸಿಟ್ಟಾದರು. "ಜಗಳವಾ? ಅವನಿಗೆ ಬೇರೆ ಯಾರಾದರೂ ಇದ್ದಾರಾ?"

"ಇಲ್ಲ ಉಮ್ಮ. ಅವನು ತುಂಬ ವರ್ಷ ಗಲ್ಫಿನಲ್ಲಿದ್ದ. ರಜೆಯಲ್ಲಿ ಮಾತ್ರ ಬರ್ತಿದ್ದ. ಹಾಗಾಗಿ ನಾಚಿಕೆ."

ಬಾಯಿಗೆ ಬಂದದ್ದು ಹೇಳಿದೆ. ಆಲೋಚಿಸಿ ಹೇಳಿದ್ದಲ್ಲ, ಹಾಗೆಂದು ದಿನಚರಿಯಲ್ಲೂ ಬರೆದಿದ್ದೇನೆ, ಬರೆದಿರುವುದರಿಂದಲೇ ಸಂಶಯ. ಉಮ್ಮ ನಗಲಿಲ್ಲ, ಬಯ್ಯಲೂ ಇಲ್ಲ. ಕೈಯಲ್ಲಿದ್ದ ಮಲ್ಲಿಗೆ ಮೊಗ್ಗುಗಳನ್ನು ಸುಮ್ಮನೆ ಆಚೆ ಈಚೆ ಸರಿಸಿದರು. ಅವರ ಗಂಡ ಮುಂಬಯಿಯಲ್ಲಿ ಅಂಗಡಿ ಇಟ್ಟಿದ್ದವರು. ನಾನು ಅವರನ್ನು ಕಂಡವಳಲ್ಲ.

"ಅವರು ಮುಂಬಯಿಯಿಂದ ಬಂದರೆ ಮೊದಲು ಮೂರು ದಿನ ನನಗೆ ಅವರ ಎದುರು ಊಟ ಇಳಿಯುತ್ತಿರಲಿಲ್ಲ" ಎಂದರು. "ಯಾರೋ ನೆಂಟರು ಬಂದ ಹಾಗೆ. ಗುರ್ತ ಆಗುವಾಗ ಹೋಗಲಿಕ್ಕೆ ಚೀಲ ಕಟ್ಟುತ್ತಿದ್ದರು." ಒಂದು ಮೊಗ್ಗು ಎತ್ತಿಕೊಂಡು ಕೇಳಿದರು, "ಆ ಹೆಣ್ಣು ಅವನಿಗೆ ಬಾಯಿಬಿಟ್ಟು ಏನಾದರೂ ಹೇಳಿದ್ದಾಳಾ?"

"ಇಲ್ಲ."

"ಯಾಕೆ?"

"ಪುಸ್ತಕದಲ್ಲಿ ಅದು ಬರೆದಿಲ್ಲ" ಎಂದೆ.

ಮುಂದಿನ ಶುಕ್ರವಾರ ಮಧ್ಯಾಹ್ನ ನಮ್ಮವರ ಫೋನು ಬಂದಾಗ ಉಮ್ಮನೇ ಎತ್ತಿದರು. ನಾನು ಅಡುಗೆಮನೆಯಲ್ಲಿ ಮೀನು ಕಾಯಿಸುತ್ತಿದ್ದೆ. ಎಣ್ಣೆಯ ಸದ್ದಿನ ನಡುವೆ ಕೇಳಿದ್ದು ಇಷ್ಟು: "ನಿಧಿ ಸಾಕು ಮಗ. ಬಾ." ಆ ಕಡೆಯಿಂದ "ಯಾವ ನಿಧಿ ಉಮ್ಮ?" ಎಂದು ಕೇಳಿರಬೇಕು. ಉಮ್ಮ ಸುರಂಗದಿಂದ ಶುರುಮಾಡಿ ಬೆನ್ನುನೋವು, ಜೀಪು, ಬಾಗಿಲು ಎಲ್ಲವನ್ನೂ ಹೇಳಿದರು. ಗೋದಾಮಿನ ಮನುಷ್ಯ ಬಿಸಿಲಲ್ಲಿ ನಿಂತು ಅದಷ್ಟನ್ನೂ ಕೇಳಿಸಿಕೊಂಡರು. ಕೊನೆಗೆ ಉಮ್ಮ ಫೋನನ್ನು ನನ್ನ ಕೈಗಿಟ್ಟು, ತಾವೇ ಒಲೆಯ ಮುಂದೆ ನಿಂತು, ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದರು.

"ಎಂಥದು ಇದು?" ಎಂದರು ನಮ್ಮವರು. "ಆ ಯೂನುಸ್ ಗಲ್ಫಿನಲ್ಲಿದ್ದದ್ದು ಪುಸ್ತಕದಲ್ಲಿ ಉಂಟಾ?"

ಉಂಟು ಎಂದಿದ್ದರೆ ಮುಗಿಯುತ್ತಿತ್ತು. ಉಮ್ಮನಿಗೆ ವಯಸ್ಸಾಯಿತು, ಕಥೆಯನ್ನೂ ಮನೆಯನ್ನೂ ಕಲಸಿಕೊಂಡಿದ್ದಾರೆ ಎಂದಿದ್ದರೂ ಆಗುತ್ತಿತ್ತು. ಆ ವಾಕ್ಯ ನನ್ನ ನಾಲಿಗೆಯ ಮೇಲೆ ತಯಾರಾಗಿಯೇ ಇತ್ತು. ಹಾಗೆಂದಿದ್ದರೆ ಮುಂದಿನ ವಾರ ಅವರು ಸಹಿ ಹಾಕುತ್ತಿದ್ದರು.

"ಇಲ್ಲ" ಎಂದೆ. "ಅದು ನಾನು ಸೇರಿಸಿದ್ದು."

ಆ ಕಡೆ ಯಾವುದೋ ಲಾರಿ ಹಿಂದಕ್ಕೆ ಸರಿಯುವ ಸದ್ದು ಕೇಳುತ್ತಿತ್ತು.

"ಅವಳಿಗೆ ಅವ ಬರಬೇಕು ಅಂತ ಉಂಟಾ?"

"ಉಂಟು."

"ಅಷ್ಟು ಹೇಳಲಿಕ್ಕೆ ನಾಲ್ಕು ಪುಸ್ತಕ ಬೇಕಾಯ್ತಾ ಮಾರಾಯ್ತಿ" ಎಂದರು. ಅವರ ಸ್ವರ ಸರಿಯಿರಲಿಲ್ಲ. ನನ್ನದು ಹೇಗಿತ್ತೆಂದು ನಾನು ಬರೆದಿಟ್ಟಿಲ್ಲ.

ಅವರು ಸಹಿ ಹಾಕಲಿಲ್ಲ. ಈಗ ಬಿ.ಸಿ. ರೋಡಿನಲ್ಲಿ ನಲ್ಲಿ, ಕೊಳವೆ, ಬೋಲ್ಟು ಮಾರುತ್ತಾರೆ. ಸಂಜೆ ಬೇಗ ಬರುತ್ತಾರೆ. ಬಂದ ಹೊಸದರಲ್ಲಿ ನಾವಿಬ್ಬರೂ ಸೋಫಾದ ಎರಡು ತುದಿಯಲ್ಲಿ ಕುಳಿತು ಮಳೆಯ ಬಗ್ಗೆ ಮಾತಾಡುತ್ತಿದ್ದೆವು. ಉಮ್ಮ ಆಚೆ ಕೋಣೆಯಿಂದ ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು. ಈಗ ಪರವಾಗಿಲ್ಲ. ತಮ್ಮನ್ನು ಊರಿಗೆ ಕರೆತಂದ ಪುಸ್ತಕ ಯಾವುದೆಂದು ನೋಡಬೇಕೆಂದು ನಮ್ಮವರು ಮೊನ್ನೆ ಒಂದನೇ ಸಂಪುಟ ಹಿಡಿದರು. ಮೂರು ಸಂಜೆ ಓದಿ, ಉಮ್ಮನೂ ನಾನೂ ಚಾ ಕುಡಿಯುತ್ತಿರುವಾಗ ತಲೆಯೆತ್ತಿದರು.

"ಇವರಿಗೆ ಮದುವೆಯೇ ಆಗಿಲ್ಲವಲ್ಲ?"

"ನಿನ್ನದು ಬೇರೆ ಪುಸ್ತಕ ಇರಬೇಕು" ಎಂದರು ಉಮ್ಮ, ಬಹಳ ಶಾಂತವಾಗಿ. "ಸರಿಯಾಗಿ ನೋಡು. ನಿಕಾಹ್ ಆಗಿ, ತುಪ್ಪದನ್ನದ ಊಟ ಆಗಿಯೇ ಅವರು ಹೊರಟದ್ದು."

ಊಟದ ವಿಷಯ ನಾನು ಯಾವತ್ತೂ ಹೇಳಿರಲಿಲ್ಲ. ಇಬ್ಬರೂ ನನ್ನ ಮುಖ ನೋಡಿದರು, ಸಾಕ್ಷಿಗೆ. ಆಧಾರವಿಲ್ಲದೆ ಒಂದು ವಾಕ್ಯವನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ಬಾಯಿ ತೆರೆಯುವಾಗ ನನಗೆ ಮೂಡುಬಿದಿರೆಯ ಯಾವುದೋ ಅಂಗಳದ ಚಪ್ಪರ, ಸಾಲಾಗಿ ಕುಳಿತವರು, ತಟ್ಟೆಯ ಮೇಲಿನ ಆವಿ ಎಲ್ಲ ಸ್ಪಷ್ಟವಾಗಿ ಕಂಡಿತು.

"ಹೌದು" ಎಂದೆ. "ಉಪ್ಪು ಸ್ವಲ್ಪ ಕಡಿಮೆಯಾಗಿತ್ತು."

ನಮ್ಮವರು ಫೋನು ಮಡಿಲಲ್ಲಿಟ್ಟು ನನ್ನನ್ನೇ ನೋಡಿ, "ಅದು ನಮ್ಮ ಮದುವೆಯಲ್ಲಿ" ಎಂದರು.

ಇರಬಹುದು. ಆ ದಿನ ನಾನು ಏನು ತಿಂದೆನೆಂದೇ ನನಗೆ ಗೊತ್ತಿಲ್ಲ.