ಅಹ್ಮದಿಯ ಅಮೆರಿಕನ್ ನಾಟಕಕಾರರೂ ನನ್ನ ಟೈಪ್‌ರೈಟರೂ

ನಾಟಕ ನೋಡುವವರಿಗೆ ವರ್ಷಕ್ಕೆ ಒಂದೋ ಎರಡೋ ನಾಟಕ ಸಿಗಬಹುದು. ನಾಟಕ ಬರೆಯುವವರ ಕೈಕೆಳಗೆ ಕೆಲಸಕ್ಕಿರುವವನಿಗೆ ದಿನಕ್ಕೊಂದು ಸಿಗುತ್ತದೆ, ಅದೂ ಟಿಕೆಟ್ಟಿಲ್ಲದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕುವೈತಿನ ಅಹ್ಮದಿಯಲ್ಲಿ, ಒಂದು ತೈಲ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟನಾಗಿದ್ದೆ. ನನ್ನ ಮೇಲಿನ ಸಾಹೇಬರು ಅಮೆರಿಕದವರು. ಕಂಪನಿ ಅವರನ್ನು ಕರೆಸಿಕೊಂಡಿದ್ದು ಸುರಕ್ಷತೆಯ ಕೈಪಿಡಿ ಬರೆಯುವುದಕ್ಕೆ. ಯಾವ ವಾಲ್ವ್ ಯಾವಾಗ ಮುಚ್ಚಬೇಕು, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕು, ಇಂಥವು. ಆದರೆ ಅವರು ಮೊದಲ ದಿನ ಕೈಕುಲುಕಿ ಹೇಳಿದ್ದು, "ನಾನು ನಾಟಕಕಾರ" ಎಂದು.

ನಾನು ಮಂಡ್ಯದ ಕಡೆಯವನು. ನಾಟಕ ಎಂದರೆ ಹಾರ್ಮೋನಿಯಂ, ಬಣ್ಣ, ಗದೆ ಎಂದು ತಿಳಿದವನು. ಟೈ ಕಟ್ಟಿಕೊಂಡು, ಹವಾನಿಯಂತ್ರಿತ ಕೋಣೆಯಲ್ಲಿ ಕೂತು, ಸ್ಯಾಂಡ್‌ವಿಚ್ ತಿನ್ನುತ್ತಾ ನಾಟಕ ಬರೆಯುವ ಜೀವಂತ ಮನುಷ್ಯನನ್ನು ನೋಡಿದ್ದು ಅದೇ ಮೊದಲು. ನನ್ನ ಕುತೂಹಲಕ್ಕೆ ಕಡಿವಾಣವೇ ಇಲ್ಲದಂತಾಯಿತು.

೧. ಮೂರು ನಾಟಕಗಳ ಚರಿತ್ರೆ

ಮೊದಲ ವಾರವೇ ಕೇಳಿಬಿಟ್ಟೆ. "ಸರ್, ನಿಮ್ಮ ನಾಟಕಗಳು ಎಷ್ಟು?"

"ಮೂರು. ನಾಲ್ಕನೆಯದನ್ನು ಬರೆಯುತ್ತಿದ್ದೇನೆ."

"ಆಡಿದ್ದಾರಾ?"

"ಮೊದಲನೆಯದನ್ನು ನಮ್ಮೂರ ಶಾಲೆಯಲ್ಲಿ ಆಡಿದರು. ಹನ್ನೊಂದು ಜನ ಬಂದಿದ್ದರು. ಒಂಬತ್ತು ಜನ ನಮ್ಮ ಮನೆಯವರು."

"ಉಳಿದಿಬ್ಬರು?"

"ಒಬ್ಬ ಶಾಲೆಯ ಬೀಗದ ಕೈ ಇಟ್ಟುಕೊಂಡವನು. ಇನ್ನೊಬ್ಬನಿಗೆ ಬಸ್ಸು ತಪ್ಪಿತ್ತು."

ಎರಡನೆಯದನ್ನು ಒಂದು ಚರ್ಚಿನ ಸಭಾಂಗಣದಲ್ಲಿ ಆಡಿದರಂತೆ. ನಡುವೆ ಮಳೆ ಬಂದು ಚಾವಣಿ ಸೋರತೊಡಗಿತು. ಸೋರದ ಜಾಗ ರಂಗ ಒಂದೇ. ಪ್ರೇಕ್ಷಕರೆಲ್ಲ ಎದ್ದು ರಂಗದ ಮೇಲೆ ಬಂದು ಕೂತರು. "ಮತ್ತೆ ನಟರು?" ಎಂದೆ. "ಕೆಳಗಿಳಿದು ನೆನೆಯುತ್ತಾ ಆಡಿದರು" ಎಂದರು ಸಾಹೇಬರು, ತುಂಬ ಅಭಿಮಾನದಿಂದ.

ಮೂರನೆಯದನ್ನು ಯಾರೂ ಆಡಲಿಲ್ಲ. ದೊಡ್ಡ ಊರುಗಳ ರಂಗಮಂದಿರಗಳಿಗೆಲ್ಲ ಕಳಿಸಿದ್ದರು. ಎಲ್ಲ ಕಡೆಯಿಂದಲೂ 'ವಿಷಾದದಿಂದ ತಿಳಿಸುವುದೇನೆಂದರೆ' ಎಂಬ ಪತ್ರ. ಸಾಹೇಬರು ಅವನ್ನೆಲ್ಲ ಒಂದು ಬೂಟಿನ ಡಬ್ಬದಲ್ಲಿ ಇಟ್ಟುಕೊಂಡಿದ್ದರು.

"ನನ್ನ ಆಸೆ ದೊಡ್ಡದೇನಲ್ಲ" ಎಂದರು. "ನನ್ನ ಮುಖ ನೋಡದ ಜನ ಒಮ್ಮೆ ನನ್ನ ನಾಟಕ ನೋಡಬೇಕು, ಒಂದು ನಿಜವಾದ ರಂಗಮಂದಿರದಲ್ಲಿ. ನನಗೆ ಐವತ್ತೆರಡು. ಈ ನಾಲ್ಕನೆಯದೂ ಹೋದರೆ ಇನ್ನು ವಾಲ್ವೇ ಗತಿ."

ನನಗೆ ಅಯ್ಯೋ ಅನ್ನಿಸಿತು. ಟೈಪಿಸ್ಟನಾದವನು ಮಾಡಬಹುದಾದ ಉಪಕಾರ ಒಂದೇ. ಡಬ್ಬದ ಪತ್ರಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಚೀಟಿ ಅಂಟಿಸಿ, ಚೆಂದದ ಫೈಲು ಮಾಡಿ ಮೇಜಿನ ಮೇಲಿಟ್ಟೆ. ಸಾಹೇಬರು ಒಂದೊಂದೇ ಹಾಳೆ ಮಗುಚಿ ನೋಡಿದರು. ಆಮೇಲೆ, "ಮುಂದೆ ಬರುವ ಪತ್ರಗಳಿಗೂ ಜಾಗ ಬಿಟ್ಟ ಹಾಗಿದೆ" ಎಂದರು.

"ಹೌದು ಸರ್" ಎಂದೆ. "ಒಂದೊಂದು ಅಕ್ಷರಕ್ಕೂ ಹತ್ತು."

೨. ಮೌನ ತಿಂದವನು

ನಾಲ್ಕನೆಯ ನಾಟಕ ಗಂಡ ಹೆಂಡತಿ ಇಬ್ಬರದೇ ಕಥೆ. ಇಪ್ಪತ್ತು ವರ್ಷ ಸಂಸಾರ ಮಾಡಿದವರು. ಒಂದು ಸಂಜೆ ಜಗಳವಾಡುತ್ತಾರೆ. ಕೊನೆಗೆ ಗಂಡ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಅಷ್ಟೇ.

ಕೈಬರಹದಲ್ಲಿ ತೊಂಬತ್ತು ಪುಟವಿತ್ತು. ಬಿಡುವಿನಲ್ಲಿ ಟೈಪ್ ಮಾಡಿಕೊಡಲು ಒಪ್ಪಿಕೊಂಡೆ. ಕಾಗದ ಉಳಿಸುವುದರಲ್ಲಿ ನಮ್ಮ ವಿಭಾಗಕ್ಕೇ ನಾನು ಮೊದಲಿಗ. ಅವರು ಎರಡು ಮಾತಿಗೊಮ್ಮೆ 'ಮೌನ' ಎಂದು ಬರೆದು, ಅದಕ್ಕೊಂದು ಇಡೀ ಸಾಲು ಬಿಟ್ಟಿದ್ದರು. ಕೆಲವು ಕಡೆ 'ದೀರ್ಘ ಮೌನ', ಒಂದು ಕಡೆಯಂತೂ 'ಇನ್ನೂ ಮೌನ'. ಯಾರೂ ಏನೂ ಮಾತಾಡುವುದಿಲ್ಲ ಎಂದ ಮೇಲೆ ಅದನ್ನು ಟೈಪ್ ಯಾಕೆ ಮಾಡಬೇಕು? ಎಲ್ಲ ಮೌನಗಳನ್ನೂ ತೆಗೆದು, ಒತ್ತೊತ್ತಾಗಿ ಹೊಡೆದು, ಐವತ್ತೆಂಟು ಪುಟಕ್ಕೆ ಇಳಿಸಿ ಮೆಚ್ಚುಗೆಗಾಗಿ ಕಾದು ನಿಂತೆ.

ಸಾಹೇಬರು ಓದಿದರು. ಮುಖ ಕೆಂಪಾಯಿತು. "ನನ್ನ ಮೌನಗಳೆಲ್ಲ ಎಲ್ಲಿ?"

"ವೇಸ್ಟ್ ಆಗ್ತಿತ್ತು ಸರ್, ತೆಗೆದೆ."

"ನೀನು ನನ್ನ ನಾಟಕದ ಅರ್ಧ ಗಂಟೆ ತಿಂದುಬಿಟ್ಟಿದ್ದೀಯ! ಜನ ಅಳಬೇಕಾಗಿದ್ದೇ ಅಲ್ಲಿ!"

ಮತ್ತೆ ಮೊದಲಿನಿಂದ ಟೈಪ್ ಮಾಡಿದೆ. ನೂರಹದಿನಾರು ಸಲ 'ಮೌನ' ಎಂದು ಹೊಡೆದಿದ್ದೇನೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಗದ್ದಲದ ಕೆಲಸ ಇನ್ನೊಂದಿಲ್ಲ.

೩. ಮೂವತ್ತೇಳನೆಯ ಪುಟ

ಒಂದೇ ಮೇಜಿನ ಮೇಲೆ ಎಡಕ್ಕೆ ನಾಟಕ, ಬಲಕ್ಕೆ ಕೈಪಿಡಿ ಇಟ್ಟುಕೊಂಡರೆ ಆಗಬೇಕಾದ್ದೇ ಆಯಿತು. ನಾಟಕದ ಮೂವತ್ತೇಳನೆಯ ಪುಟ ಗ್ಯಾಸ್ ಸೋರಿಕೆಯ ಕೈಪಿಡಿಯ ಮೂವತ್ತೇಳನೆಯ ಪುಟವಾಗಿ ಸ್ಥಾವರಕ್ಕೆ ಹೋಯಿತು. ಹೆಂಡತಿ ಗಂಡನನ್ನು ಕೇಳುವ ಪುಟ: "ಇಪ್ಪತ್ತು ವರ್ಷದಲ್ಲಿ ಒಂದು ಸಲವಾದರೂ ನನ್ನ ಮುಖ ನೋಡಿ ಮಾತಾಡಿದ್ದೀಯಾ?"

ಕಂಪನಿಯ ಪದ್ಧತಿಯೇನೆಂದರೆ ಪ್ರತಿಯೊಬ್ಬನೂ ಕೈಪಿಡಿಯ ಪ್ರತಿ ಪುಟದ ಕೆಳಗೆ 'ಓದಿ ಅರ್ಥ ಮಾಡಿಕೊಂಡಿದ್ದೇನೆ' ಎಂದು ಸಹಿ ಹಾಕಬೇಕು. ಎರಡು ವಾರದ ನಂತರ ಪ್ರತಿ ವಾಪಸು ಬಂತು. ಮೂವತ್ತೇಳನೆಯ ಪುಟದ ಕೆಳಗೂ ಸಾಲಾಗಿ ಸಹಿಗಳು. ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ. ಎಲ್ಲರೂ ಅರ್ಥ ಮಾಡಿಕೊಂಡಿದ್ದರು.

ಒಬ್ಬ ಈಜಿಪ್ಟಿನ ಫೋರ್‌ಮನ್ ಮಾತ್ರ ಅಂಚಿನಲ್ಲಿ ಅನುಮಾನ ಬರೆದಿದ್ದ: "ಮುಖ ನೋಡಿ ಮಾತಾಡಬೇಕೆಂಬ ನಿಯಮಕ್ಕೆ ನಮ್ಮ ಒಪ್ಪಿಗೆ ಇದೆ. ಆದರೆ ಗ್ಯಾಸ್ ಮುಖವಾಡ ಹಾಕಿಕೊಂಡಾಗ ಹೇಗೆ?"

ಕೆಲಸ ಹೋಯಿತು, ಕುವೈತಿನಲ್ಲಿರಲು ಕೊಟ್ಟ ಇಕಾಮಾ ಪರವಾನಗಿಯೂ ಖಲಾಸ್ ಎಂದುಕೊಂಡೇ ಸಾಹೇಬರಿಗೆ ತೋರಿಸಿದೆ. ಅವರು ಆ ಸಾಲನ್ನು ಮೂರು ಸಲ ಓದಿದರು. ಕಣ್ಣಲ್ಲಿ ನೀರು. "ನೋಡು" ಎಂದರು, "ನನ್ನ ನಾಟಕವನ್ನು ಇಷ್ಟು ಗಮನವಿಟ್ಟು ಓದಿದವನು ಇವನೊಬ್ಬನೇ."

೪. ರೀ

ಕೊನೆಗೆ ನಾಟಕ ಅಮೆರಿಕಕ್ಕೆ ಹೋಯಿತು. ಒಂದು ರಂಗಮಂದಿರ ಮಾತ್ರ ವಿಷಾದಿಸದೆ ಉತ್ತರ ಬರೆಯಿತು: 'ನಾಟಕ ಚೆನ್ನಾಗಿದೆ, ಕೊನೆ ಸಪ್ಪೆ ಅನ್ನಿಸುತ್ತದೆ. ಎಲ್ಲಾದರೂ ಒಮ್ಮೆ ಪ್ರೇಕ್ಷಕರ ಮುಂದೆ ಆಡಿಸಿ, ಹೇಗಾಯಿತೆಂದು ಬರೆಯಿರಿ. ಆಮೇಲೆ ನಿರ್ಧರಿಸುತ್ತೇವೆ.'

ಅಹ್ಮದಿಯಲ್ಲಿದ್ದ ಬಿಳಿಯರ ಕ್ಲಬ್ಬಿನವರು, "ನಾವು ನಗುವ ನಾಟಕ ಮಾತ್ರ ಆಡುವುದು" ಎಂದುಬಿಟ್ಟರು. ಸಾಹೇಬರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ಕನ್ನಡ ಸಂಘದಲ್ಲಿ ಆಡಿಸೋಣ ಸರ್, ನಾನೇ ಕನ್ನಡ ಮಾಡ್ತೀನಿ" ಎಂದೆ.

ಸಂಘದ ಅಧ್ಯಕ್ಷರು ಕೇಳಿದರು. "ಹಾಡು ಎಷ್ಟಿದೆ?"

"ಇಲ್ಲ ಸಾರ್."

"ಹಾಸ್ಯ?"

"ಅದೂ ಇಲ್ಲ. ಮೌನ ಬೇಕಾದಷ್ಟಿದೆ."

"ಮೌನ ನೋಡೋಕೆ ಜನ ಅಷ್ಟು ದೂರದ ಸಾಲ್ಮಿಯಾದಿಂದ ಬರ್ತಾರೇನ್ರೀ?" ಎಂದರು. ಆದರೂ ಆ ವರ್ಷ ಬೇರೆ ನಾಟಕ ಇರಲಿಲ್ಲವಾದ್ದರಿಂದ ಒಪ್ಪಿದರು.

ಗಂಡನ ಪಾತ್ರಕ್ಕೆ ಮಂಗಳೂರಿನ ಕೊಂಕಣಿ ಮಾತಿನ ಫಾರ್ಮಸಿಸ್ಟ್ ಒಬ್ಬರು ಸಿಕ್ಕರು. ಒಳ್ಳೆಯ ಗಂಟಲು, ಪುಸ್ತಕದ ಕನ್ನಡ. ಹೆಂಡತಿಯ ಪಾತ್ರಕ್ಕೆ ಯಾರೂ ಸಿಗದೆ ನನ್ನ ಹೆಂಡತಿಯೇ ನಿಂತಳು.

ಮೂಲದಲ್ಲಿ ಹೆಂಡತಿ ಮಾತುಮಾತಿಗೂ ಗಂಡನ ಹೆಸರು ಹಿಡಿದು ಕೂಗುತ್ತಾಳೆ. ಕನ್ನಡದಲ್ಲಿ ನಾನು ಅವನಿಗೆ ವಾಸುದೇವ ಎಂದು ಹೆಸರಿಟ್ಟಿದ್ದೆ. ನನ್ನ ಹೆಂಡತಿ ಸುತರಾಂ ಒಪ್ಪಲಿಲ್ಲ.

"ಗಂಡನ ಹೆಸರು ಹೇಗ್ರೀ ಕೂಗೋದು?"

"ಅವರು ನಿನ್ನ ಗಂಡ ಅಲ್ಲವಲ್ಲೇ!"

"ನಾಟಕದಲ್ಲಿ ಗಂಡ ತಾನೆ? ನಾನು 'ರೀ' ಅಂತೀನಿ, ಅಷ್ಟೇ."

ಅಭ್ಯಾಸ ಶುರುವಾಯಿತು. ಅವಳು ಮೊದಲ ಮಾತು, "ರೀ!" ಎಂದು ಕೂಗಿದಳು. ಫಾರ್ಮಸಿಸ್ಟರು ತಮ್ಮ ಪಾತ್ರದ ಪ್ರಕಾರ "ಏನು?" ಎಂದರು. ಹನ್ನೆರಡು ವರ್ಷದ ಅಭ್ಯಾಸದ ಪ್ರಕಾರ ನಾನೂ "ಏನೇ?" ಎಂದೆ.

೫. ಕೆಳಮನೆಯ ಮೇಷ್ಟ್ರು

ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನ ಗೋಡೆ, ನೆಲ ಎಲ್ಲ ಹಪ್ಪಳದಷ್ಟು ತೆಳ್ಳಗೆ. ಕೆಳಗಿನ ಮನೆಯಲ್ಲಿ ವಯಸ್ಸಾದ ಪ್ಯಾಲೆಸ್ತೀನಿ ಮೇಷ್ಟ್ರು ಇದ್ದರು. ದಿನವೂ ಸಂಜೆ ಐದರಿಂದ ಏಳರವರೆಗೆ ನಮ್ಮ ಮನೆಯಲ್ಲಿ ಘೋರ ಜಗಳ ಕೇಳಿ ಕೇಳಿ ಅವರಿಗೆ ಸಂಕಟವಾಗಿ, ಒಂದು ದಿನ ತಟ್ಟೆ ತುಂಬ ಬಸ್ಬೂಸಾ ಮಿಠಾಯಿ ಹಿಡಿದು ರಾಜಿ ಮಾಡಿಸಲು ಬಂದರು.

ಬಾಗಿಲು ತೆರೆದೇ ಇತ್ತು. ಒಳಗೆ ಅವರು ಕಂಡದ್ದಿಷ್ಟು: ನನ್ನ ಹೆಂಡತಿ ಯಾರೋ ಪರಗಂಡಸಿಗೆ ಕೈ ತೋರಿಸಿ ಕೂಗಾಡುತ್ತಿದ್ದಾಳೆ. ಅವನು ತಲೆ ತಗ್ಗಿಸಿ ನಿಂತಿದ್ದಾನೆ. ನಾನು ಸೋಫಾದಲ್ಲಿ ಕಾಲು ಚಾಚಿಕೊಂಡು, ಕೈಯಲ್ಲಿ ಕಾಗದ ಹಿಡಿದು, "ಇನ್ನೂ ಜೋರಾಗಿ ಬಯ್ಯಿ" ಎಂದು ಕೈಸನ್ನೆ ಮಾಡುತ್ತಿದ್ದೇನೆ.

ಮೇಷ್ಟ್ರು ಮಿಠಾಯಿ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ನನ್ನನ್ನು ಒಂದು ಕಡೆಗೆ ಕರೆದು, ಕಿವಿಯಲ್ಲಿ ಕೇಳಿದರು: "ಭಾಯಿ, ಬೈಗುಳ ತಿನ್ನೋದಕ್ಕೂ ಬೇರೆ ಮನುಷ್ಯನನ್ನು ಇಟ್ಟುಕೊಳ್ಳಬಹುದಾ? ನನಗೂ ಒಬ್ಬ ಬೇಕಾಗಿತ್ತು."

೬. ಪೆಟ್ಟಿಗೆ ಹಿಡಿದು ಹೊರಟ ಗಂಡ

ನಾಟಕ ಒಂದು ಶುಕ್ರವಾರ ಸಂಜೆ, ಶಾಲೆಯೊಂದರ ಸಭಾಂಗಣದಲ್ಲಿ. ಸಾಹೇಬರು ಮುಂದಿನ ಸಾಲಿನಲ್ಲಿ, ಅದೇ ಟೈ, ತೊಡೆಯ ಮೇಲೆ ಅಮೆರಿಕಕ್ಕೆ ವರದಿ ಬರೆಯುವ ನೋಟ್‌ಬುಕ್ಕು. ಕನ್ನಡ ಒಂದಕ್ಷರ ಬಾರದಿದ್ದರೂ ಯಾವ ಮಾತು ಎಲ್ಲಿ ಬರುತ್ತದೆಂದು ಅವರಿಗೆ ಬಾಯಿಪಾಠ. ನಾನು ಪರದೆಯ ಪಕ್ಕದಲ್ಲಿ ಪ್ರತಿ ಹಿಡಿದು ನಿಂತಿದ್ದೆ.

ಆಶ್ಚರ್ಯವೆಂದರೆ ಎಲ್ಲ ಸರಿಯಾಗೇ ನಡೆಯಿತು. ಮೊದಲ ಮೌನದಲ್ಲಿ ಹಿಂದಿನಿಂದ ಯಾರೋ, "ಮಾತು ಮರೆತೋಯ್ತು ಪಾಪ" ಎಂದರು. ಎರಡನೆಯದಕ್ಕೆ ಕೆಮ್ಮಿದರು. ಮೂರನೆಯದಕ್ಕೆ ಒಗ್ಗಿಕೊಂಡರು. ಕೊನೆಯ ದೃಶ್ಯ ಬಂತು. ಹೆಂಡತಿ ಬೆನ್ನು ತಿರುಗಿಸಿ ಕೂತಿರಬೇಕು. ಗಂಡ ಪೆಟ್ಟಿಗೆ ಎತ್ತಿಕೊಂಡು ಒಂದೇ ಮಾತು ಹೇಳಿ ಹೊರಡಬೇಕು. ಅವಳು ತಿರುಗಿಯೂ ನೋಡಬಾರದು. ದೀರ್ಘ ಮೌನ. ಪರದೆ. ಅಭ್ಯಾಸದಲ್ಲಿ ಈ ಜಾಗ ಬರುವ ಹೊತ್ತಿಗೆ ಫಾರ್ಮಸಿಸ್ಟರಿಗೆ ಡ್ಯೂಟಿಗೆ ಹೊತ್ತಾಗುತ್ತಿತ್ತು. ಒಂದು ಮಾತು ತಾನೆ, ಆ ದಿನ ಹೇಳಿದರಾಯಿತು ಎಂದು ಬಿಟ್ಟಿದ್ದೆವು.

ಫಾರ್ಮಸಿಸ್ಟರು ಪೆಟ್ಟಿಗೆ ಎತ್ತಿದರು. ಗಂಭೀರವಾಗಿ ಹೇಳಿದರು: "ನಾನು ಹೋಗುತ್ತೇನೆ."

ನನ್ನ ಹೆಂಡತಿ ಚೇಳು ಕಡಿದವಳಂತೆ ತಿರುಗಿದಳು.

"ಹಾಗನ್ಬಾರ್ದು ರೀ! ಹೋಗಿ ಬರ್ತೀನಿ ಅನ್ನಿ."

ನನ್ನ ಕೈಯಿಂದ ಪ್ರತಿ ಜಾರಿ ಬಿತ್ತು. ಫಾರ್ಮಸಿಸ್ಟರು ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಅವರೂ ಊರಿನಲ್ಲಿ ಅಮ್ಮನ ಮುಂದೆ ಹೀಗೇ ಪೆಟ್ಟಿಗೆ ಹಿಡಿದು ನಿಂತವರಲ್ಲವೇ? ಪೆಟ್ಟಿಗೆ ಕೆಳಗಿಟ್ಟು, ತಗ್ಗಿದ ದನಿಯಲ್ಲಿ, "ಹೋಗಿ ಬರುತ್ತೇನೆ" ಎಂದರು.

"ಹೂಂ. ಹೋಗಿ ಬನ್ನಿ" ಎಂದಳು ಅವಳು, ಮತ್ತೆ ಬೆನ್ನು ತಿರುಗಿಸಿ ಕೂತಳು.

ಸಭಾಂಗಣದಲ್ಲಿ ಸದ್ದೇ ಇಲ್ಲ. ಆಮೇಲೆ ಯಾರೋ ಹೆಂಗಸು ಬಿಕ್ಕಿದರು. ಆಮೇಲೆ ಸಾಲುಸಾಲೇ ಬಿಕ್ಕಿತು. ಎರಡು ವರ್ಷಕ್ಕೊಮ್ಮೆ ಊರಿನ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿ ಬಂದವರೇ ಅಲ್ಲಿ ಎಲ್ಲರೂ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಚಪ್ಪಾಳೆ ನಿಲ್ಲುವಷ್ಟರಲ್ಲಿ ಸಾಹೇಬರು ರಂಗದ ಹಿಂದೆ ಬಂದು ನಿಂತಿದ್ದರು.

"ಅಲ್ಲಿ ನನ್ನ ನಾಟಕದ ಹೆಂಡತಿಗೆ ಮಾತೇ ಇಲ್ಲ! ಅವಳು ಏನು ಹೇಳಿದಳು?"

ಒಬ್ಬ ಮನುಷ್ಯನ ಜೀವಮಾನದ ಆಸೆಯನ್ನು ನಮ್ಮ ಮನೆಯವರೆಲ್ಲ ಸೇರಿ ಮುರಿದೆವಲ್ಲ ಎನ್ನಿಸಿತು. ತಡವರಿಸುತ್ತಾ ವಿವರಿಸಿದೆ. ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನಬಾರದು, ಅಪಶಕುನ, ಎಂದೆ.

"ಆದರೆ ಅವನು ಬರುವುದಿಲ್ಲ. ಅವಳಿಗೂ ಅದು ಗೊತ್ತು."

ನಾನು ಅದನ್ನು ನನ್ನ ಹೆಂಡತಿಗೆ ಹೇಳಿದೆ. ಅವಳು ಬಣ್ಣ ಒರೆಸಿಕೊಳ್ಳುತ್ತಾ, "ಬರಲ್ಲ ಅಂತ ಗೊತ್ತಿದ್ರೆ ಇನ್ನೂ ಬಿಡಬಾರದು. ಹೇಳಿಸ್ಲೇಬೇಕು" ಎಂದಳು.

ಅದನ್ನು ಇಂಗ್ಲಿಷಿನಲ್ಲಿ ಕೇಳಿ ಸಾಹೇಬರು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ನಾಟಕದಲ್ಲೂ ಅಷ್ಟು ದೀರ್ಘ ಮೌನ ಇರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ನನ್ನ ಮೇಜಿನ ಮೇಲೆ ಹೊಸ ಕೊನೆಯ ಪುಟವಿತ್ತು. ಅದರಲ್ಲಿ ಅವಳ ಮಾತು ಹಾಗೇ ಇತ್ತು.

ಅದನ್ನು ವರದಿಯ ಜೊತೆ ಕಳಿಸಿದ ಮೇಲೆ ಅಮೆರಿಕದ ಆ ರಂಗಮಂದಿರ ಒಪ್ಪಿಕೊಂಡಿತು. ಕರಾರು ಮುಗಿದು ಸಾಹೇಬರು ಊರಿಗೆ ಹೊರಟರು. ಕೆಲವು ತಿಂಗಳಿಗೆ ಪತ್ರ ಬಂತು. ನಾಟಕದ ತಾಲೀಮು ನಡೆಯುತ್ತಿದೆ, ಆದರೆ ಕೊನೆಯ ಮಾತಿನ ಬಗ್ಗೆ ನಾಲ್ಕು ದಿನದಿಂದ ಚರ್ಚೆ ಎಂದು ಬರೆದಿದ್ದರು. ಅದನ್ನು ಹೇಳುವಾಗ ಹೆಂಡತಿಯ ಮನಸ್ಸಿನಲ್ಲಿ ಏನಿರುತ್ತದೆ? ನಟಿಗೆ ಹಿಡಿತ ಸಿಗುತ್ತಿಲ್ಲ, ದಯವಿಟ್ಟು ನಿನ್ನ ಹೆಂಡತಿಯನ್ನು ಕೇಳಿ ಬರೆ.

ಅಡುಗೆಮನೆಗೆ ಹೋಗಿ ಕೇಳಿದೆ. ಅವಳು ಸೌಟು ಹಿಡಿದು ನಿಜವಾಗಿಯೂ ಯೋಚಿಸಿದಳು.

"ಬರೀರಿ. ಒಲೆ ಮೇಲೆ ಹಾಲಿಟ್ಟಿದೀನಿ, ಹೊರಡೋರು ಬೇಗ ಹೊರಡಲಿ ಅಂತ ಇರುತ್ತೆ. ಇನ್ನೇನಿರುತ್ತೆ?"

ಹಾಗೇ ಟೈಪ್ ಮಾಡಿ ಕಳಿಸಿದೆ. ಉತ್ತರ ತುಂಬಾ ಉದ್ದವಾಗಿ ಬಂತು. ನನ್ನ ಪತ್ರ ತಲುಪಿದ ದಿನವೇ ರಂಗದ ಮೇಲೆ ಒಂದು ಸ್ಟೌ ತಂದಿಟ್ಟರಂತೆ. ಅದರ ಮೇಲೆ ಪಾತ್ರೆ, ಅದರಲ್ಲಿ ನಿಜವಾದ ಹಾಲು. ಸಾಹೇಬರ ಮುಖ ನೋಡದ ಜನ ಸಭಾಂಗಣ ತುಂಬಿದ್ದರಂತೆ. ಅಲ್ಲಿನ ಪತ್ರಿಕೆಯವರು ಆ ಹಾಲು ಇಪ್ಪತ್ತು ವರ್ಷದ ದಾಂಪತ್ಯದ ಸಂಕೇತ ಎಂದು ಅರ್ಧ ಪುಟ ಬರೆದರಂತೆ. ಮೊದಲ ದಿನ ಜನ ಎದ್ದು ನಿಂತು ಏಳು ನಿಮಿಷ ಚಪ್ಪಾಳೆ ಹೊಡೆದರಂತೆ.

ನಾನು ಬೀಗುತ್ತಾ ಪತ್ರವನ್ನು ಪೂರ್ತಿ ಕನ್ನಡದಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ ಕಣ್ಣು ಮಿಟುಕಿಸದೆ ಕೇಳಿದಳು.

"ಅದೆಲ್ಲ ಇರಲಿ" ಎಂದಳು. "ಏಳು ನಿಮಿಷ ಚಪ್ಪಾಳೆ ಹೊಡೆದ್ರಲ್ಲ, ಯಾರಾದ್ರೂ ಹೋಗಿ ಒಲೆ ಆರಿಸಿದ್ರಂತಾ?"