ಟೆಕ್ಸಾಸಮ್ಮನ ಹಬ್ಬಕ್ಕೆ ಮೇಯರ್ ಒಪ್ಪಿದ್ದು

ನಗೋದಕ್ಕೆ ಅಂತ ನಾನು ಯಾವತ್ತೂ ದುಡ್ಡು ಕೊಟ್ಟು ಸಿನಿಮಾಕ್ಕೆ ಹೋದೋಳಲ್ಲ. ಅಡುಗೆಮನೆ ಕಿಟಕಿ ಪರದೆ ಸ್ವಲ್ಪ ಸರಿಸಿದ್ರೆ ಸಾಕು, ನಮ್ಮ ಬೀದೀಲಿ ದಿನಾ ಒಂದು ಆಟ ನಡೀತಾನೇ ಇರ್ತಿತ್ತು. ಡೆಟ್ರಾಯಿಟ್ ಪಕ್ಕದ ಸಣ್ಣ ಊರು, ಎಪ್ಪತ್ತರ ದಶಕದ ಮಾತು. ನಮ್ಮೆಜಮಾನ್ರು ಕಾರ್ ಫ್ಯಾಕ್ಟರೀಲಿ ಇಂಜಿನಿಯರ್ರು. ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿದೋಳು. ಪಕ್ಕದ ಮನೆಯೋಳು ಕಪ್ಪು ಜನದ ಹೆಂಗಸು, ಟೆಕ್ಸಾಸ್ ಕಡೆಯಿಂದ ಬಂದೋಳು. ಅದಕ್ಕೆ ನಾನಿಟ್ಟ ಹೆಸರು ಟೆಕ್ಸಾಸಮ್ಮ. ಅವಳ ಇಂಗ್ಲಿಷ್ ನನಗೆ ಅರ್ಧ, ನನ್ನ ಇಂಗ್ಲಿಷ್ ಅವಳಿಗೆ ಅರ್ಧ ಅರ್ಥ ಆಗ್ತಿತ್ತು. ಅಕ್ಕಪಕ್ಕದೋರು ಜಗಳ ಇಲ್ದೆ ಬಾಳೋಕೆ ಅಷ್ಟು ಸಾಕು. ಪೂರ್ತಿ ಅರ್ಥ ಆದ್ರೇನೇ ಕಷ್ಟ.

೧. ತಡವಾಗಿ ಮುಟ್ಟಿದ ಸುದ್ದಿ

ಒಂದಿನ ನಾನು ಬಟ್ಟೆ ಒಣಗ್ಹಾಕ್ತಿದ್ದೆ. ಟೆಕ್ಸಾಸಮ್ಮ ಊರಿನ ಆಫೀಸಿಂದ ಬಂದೋಳು ಕಾರಿನ ಬಾಗಿಲನ್ನ ಧಡಾರಂತ ಹಾಕಿದ್ಲು.

"ಏನಾಯ್ತೇ?" ಅಂದೆ.

"ಜೂನ್ ಹತ್ತೊಂಬತ್ತನ್ನ ಹಬ್ಬ ಅಂತ ಊರು ಒಪ್ಕೋಬೇಕು, ಮೇಯರ್ ಅದನ್ನ ಬಾಯಿಬಿಟ್ಟು ಹೇಳ್ಬೇಕು ಅಂತ ಕೇಳೋಕೆ ಹೋಗಿದ್ದೆ. ಮುಂದಿನ ವರ್ಷ ನೋಡೋಣ ಅಂದ್ರು. ಹೋದ ವರ್ಷಾನೂ ಅದನ್ನೇ ಅಂದಿದ್ರು."

"ಅವತ್ತೇನು ವಿಶೇಷ?"

ಅವಳು ಬೇಲಿಗೆ ಒರಗಿ ಹೇಳಿದ್ಲು. ನೂರು ವರ್ಷಕ್ಕೂ ಹಿಂದೆ, ಗುಲಾಮರಿಗೆ ಬಿಡುಗಡೆ ಅಂತ ದೇಶದ ಪ್ರೆಸಿಡೆಂಟೇ ಹೇಳಿ ಎರಡೂವರೆ ವರ್ಷ ಆದ್ಮೇಲೆ ಟೆಕ್ಸಾಸ್‌ನೋರಿಗೆ ಆ ಸುದ್ದಿ ಮುಟ್ಟಿದ್ದು ಅವತ್ತಂತೆ. ಇವಳ ಅಮ್ಮನ ಅಮ್ಮ ಆಗ ಹತ್ತಿ ಹೊಲದಲ್ಲಿದ್ದ ಸಣ್ಣ ಹುಡುಗಿಯಂತೆ. ಈಗ ಇವಳಮ್ಮನಿಗೇ ಎಂಬತ್ತು ದಾಟಿದೆ, ಷಿಕಾಗೋದಲ್ಲಿ ಮಗನ ಜೊತೆ ಇದಾರೆ. ಕಣ್ಣು ಮುಚ್ಚೋದ್ರೊಳಗೆ ಒಬ್ಬ ಮೇಯರ್ ಬಾಯಲ್ಲಿ ಆ ದಿನದ ಹೆಸರು ಕೇಳ್ಬೇಕು ಅಂತ ಆಕೆ ಆಸೆ.

"ಎರಡೂವರೆ ವರ್ಷಾನಾ? ಪೋಸ್ಟ್‌ಮ್ಯಾನ್ ಎಲ್ಲಿ ಸತ್ತಿದ್ದ?" ಅಂದೆ.

"ಸುದ್ದಿ ಬಂದಿರ್ಲಿಲ್ಲ ಅಂತಲ್ಲ ಕಣೇ. ಗೊತ್ತಿದ್ದ ಧಣಿಗಳು ಬಾಯಿ ಮುಚ್ಕೊಂಡಿದ್ರು. ಹತ್ತಿ ಬಿಡ್ಸೋರು ಬೇಕಲ್ಲ."

ನನಗೆ ಥಟ್ಟಂತ ನಮ್ಮತ್ತೆ ನೆನಪಾದ್ರು. ಮಗಳನ್ನ ತವರಿಗೆ ಕಳಿಸಿ ಅಂತ ನಮ್ಮಪ್ಪ ಹೇಳಿ ಕಳ್ಸಿದ್ದನ್ನ, ಹಪ್ಪಳ ಸಂಡಿಗೆ ಎಲ್ಲಾ ಒಣಗಿ ಡಬ್ಬಿಗೆ ಸೇರೋವರೆಗೂ ನನ್ನ ಕಿವಿಗೇ ಹಾಕಿರ್ಲಿಲ್ಲ. ಅದನ್ನ ಹೇಳಿದೆ.

ಟೆಕ್ಸಾಸಮ್ಮ ಕೇಳಿದ್ಲು: "ನಿಮ್ಮತ್ತೆ ಟೆಕ್ಸಾಸ್‌ನೋರಾ?"

೨. ಯಾವ ದೇಶದ್ದು

ಊರು ಒಪ್ಲಿ ಬಿಡ್ಲಿ, ಆ ಜೂನ್ ಹತ್ತೊಂಬತ್ತಕ್ಕೆ ಹಿತ್ತಲಲ್ಲಿ ಊಟ ಇಟ್ಕೊಂಡು ನಮ್ಮನ್ನೂ ಕರೆದ್ಲು. ಕೆಲಸದ ದಿನ. ನಮ್ಮೆಜಮಾನ್ರು ರಜ ಕೇಳ್ಬೇಕು. ಈ ಮನುಷ್ಯ ಬಾಸ್ ಹತ್ರ ರಜ ಕೇಳೋದು ಅಂದ್ರೆ ಹಲ್ಲು ಕೀಳ್ಸಿಕೊಳ್ಳೋಕೆ ಹೋದ ಹಾಗೆ. ಅಲ್ಲಿ ನಡೆದಿದ್ದನ್ನ ಸಾಯಂಕಾಲ ಕಾಫಿ ಮುಂದಿಟ್ಟು ಪೂರ್ತಿ ಬಾಯಿ ಬಿಡಿಸಿದೆ.

"ಮತ್ತೆ ರಜಾನಾ?" ಅಂದನಂತೆ ಬಾಸು. "ಜನವರೀಲಿ ಹೊಸ ವರ್ಷ ಅಂತ ನಮ್ಮ ಜೊತೆ ರಜ ತಗೊಂಡೆ. ಆಮೇಲೆ ಬೇವು ತಿಂತೀವಿ, ಅವತ್ತು ನಮ್ಮ ಹೊಸ ವರ್ಷ ಅಂತ ಇನ್ನೊಂದು ತಗೊಂಡೆ. ನಿಮಗೆ ವರ್ಷಕ್ಕೆ ಎಷ್ಟು ವರ್ಷ?"

"ಇದು ಹೊಸ ವರ್ಷ ಅಲ್ಲ ಸಾರ್. ಬಿಡುಗಡೆ ಆದ ದಿನ."

"ಓ, ಇಂಗ್ಲಿಷ್‌ನೋರು ಬಿಟ್ಟು ಹೋಗಿದ್ದಾ?"

"ಅದು ಆಗಸ್ಟ್‌ನಲ್ಲಿ ಸಾರ್."

"ಮತ್ತಿದು ಯಾವ ದೇಶದ ಹಬ್ಬ?"

ನಮ್ಮೆಜಮಾನ್ರು ಟೈ ಸರಿ ಮಾಡ್ಕೊಂಡು ಹೇಳಿದ್ರಂತೆ: "ನಿಮ್ದೇ ಸಾರ್."

೩. ಕೆಂಪು ನೀರು

ಊಟದ ದಿನ ಟೆಕ್ಸಾಸಮ್ಮನ ಅಮ್ಮ, ನನ್ನ ಬಾಯಲ್ಲಿ ಅಜ್ಜಿ, ಷಿಕಾಗೋದಿಂದ ಬರ್ತಿದ್ರು. ಮುನ್ನೂರು ಮೈಲಿ ಹತ್ತಿರ, ಬಿಸಿಲು ಬೇರೆ ಅಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಮೇಲೆ. ನಾನು ಬೆಳಗ್ಗೇನೇ ಹೋಗಿ ಈರುಳ್ಳಿ ಹೆಚ್ಚಿಕೊಟ್ಟೆ. ನನ್ನ ಜೊತೆ ಡಾಕ್ಟರ್ ಹೆಂಡ್ತಿ, ಧಾರವಾಡದೋಳು. ಆಕೆ ಕೂತು ಸಲಹೆ ಕೊಟ್ಲು. ಅವಳು ಕೊಡೋದು ಅದೊಂದೇ.

ಕಾರು ಬಂದು ನಿಂತ ತಕ್ಷಣ ಟೆಕ್ಸಾಸಮ್ಮ ಒಂದು ಅಗಲವಾದ ಗಾಜಿನ ಬಟ್ಟಲು ನನ್ನ ಕೈಗೆ ಕೊಟ್ಟು, "ನಮ್ಮಮ್ಮನ ಹತ್ರ ತಗೊಂಡೋಗು, ನಾನು ಲೋಟ ತರ್ತೀನಿ" ಅಂತ ಒಳಗೋಡಿದ್ಲು. ನೋಡ್ತೀನಿ, ಬಟ್ಟಲು ತುಂಬಾ ಕೆಂಪು ನೀರು. ದೂರದಿಂದ ಬಂದ ಹಿರಿಯರು, ಬಾಗಿಲಲ್ಲಿ ಕೆಂಪು ನೀರು. ಇನ್ನೇನು ಹೇಳ್ಕೊಡ್ಬೇಕು ನನಗೆ? ನಮ್ಮ ಹಾಗೇ ಇದಾರಲ್ಲಪ್ಪ ಈ ಜನ ಅಂತ ಎದೆ ತುಂಬಿ ಬಂತು.

"ಹಿಡೀರಿ ವೈನಿ, ನಾ ಹಾಡ್ತೀನಿ" ಅಂದ್ಲು ಡಾಕ್ಟರ್ ಹೆಂಡ್ತಿ.

ಅವಳು ಆರತಿ ಹಾಡು ಎತ್ತಿದ್ಲು. ನಾನು ಬಟ್ಟಲನ್ನ ಅಜ್ಜಿ ಮುಖದ ಮುಂದೆ ಮೂರು ಸುತ್ತು ಇಳಿ ತೆಗೆದು, ಬೆರಳದ್ದಿ ಹಣೆಗೊಂದು ಬೊಟ್ಟಿಟ್ಟು, ದೃಷ್ಟಿಯೆಲ್ಲಾ ಹೋಗ್ಲಿ ಅಂತ ಅಷ್ಟೂ ನೀರನ್ನ ಬೀದಿಗೆ ಚೆಲ್ಲಿದೆ.

ಟೆಕ್ಸಾಸಮ್ಮ ಲೋಟ ಹಿಡ್ಕೊಂಡು ಬಾಗಿಲಲ್ಲೇ ನಿಂತುಬಿಟ್ಲು. ಅವತ್ತು ಕೆಂಪು ಪಾನಕ ಕುಡಿಯೋದು ಅವರ ಹಬ್ಬದ ಪದ್ಧತಿಯಂತೆ. ಬೆಳಗ್ಗೆಯಿಂದ ಐಸಲ್ಲಿಟ್ಟಿದ್ದಂತೆ. ಅದು ಟಾರ್ ರೋಡಿನ ಮೇಲೆ ಚುಂಯ್ ಅಂತ ಆರ್ತಿತ್ತು.

ಅಜ್ಜಿ ಹಣೆ ಒರೆಸಿಕೊಂಡ್ರು, ಬೆರಳು ನೆಕ್ಕಿ ರುಚಿ ನೋಡಿದ್ರು. ಆಮೇಲೆ ಮಗಳನ್ನ ಕೇಳಿದ್ರು: "ಇನ್ನೊಂದು ಬಟ್ಟಲಿಗೆ ನಾನು ಎರಡೂವರೆ ವರ್ಷ ಕಾಯ್ಬೇಕಾ?"

೪. ಶಾಲು

ಮಾರನೇ ವರ್ಷ ಮೇ ತಿಂಗಳಲ್ಲಿ ಟೆಕ್ಸಾಸಮ್ಮ ಬಂದು, "ಮಂಗಳವಾರ ಸಾಯಂಕಾಲ ಟೌನ್ ಹಾಲ್‌ನಲ್ಲಿ ಮೀಟಿಂಗು. ಮೇಯರ್ ನಮ್ಮ ಹಬ್ಬದ ವಿಷಯ ಎತ್ತುತಾರೆ. ಅಮ್ಮಾನೂ ಬರ್ತಾಳೆ. ಜನ ಜಾಸ್ತಿ ಇದ್ರೆ ಒಳ್ಳೇದು" ಅಂದ್ಲು.

ನಮ್ಮ ಕಡೆ ದೊಡ್ಡೋರನ್ನ ವೇದಿಕೆ ಮೇಲೆ ಕೂರ್ಸಿ ಜನ ಸೇರ್ಸಿದ್ರು ಅಂದ್ರೆ ಏನರ್ಥ? ಕೆಲಸ ಆಗೋಗಿದೆ, ಇನ್ನು ಸನ್ಮಾನ ಬಾಕಿ. ನಾನು ಅಂಗಡಿಯಿಂದ ಕೆಂಪು ಹೂವು ತಂದು ಹಾರ ಕಟ್ಟಿದೆ. ನಮ್ಮೆಜಮಾನ್ರಿಗೆ ಮದುವೇಲಿ ಹೊದಿಸಿದ್ದ ಜರಿ ಶಾಲು ಪೆಟ್ಟಿಗೇಲಿತ್ತು, ಅದನ್ನೂ ತಗೊಂಡೆ. ಒಂದು ತಟ್ಟೆ ಕಿತ್ತಳೆ ಹಣ್ಣು. ಇವರು ಫ್ಯಾಕ್ಟರಿಯಿಂದ ಸೀದಾ ಹಾಲ್‌ಗೆ ಬಂದಿದ್ರು, ಕೇಳೋಕೆ ಮನೇಲಿ ಯಾರೂ ಇರ್ಲಿಲ್ಲ.

ಹಾಲ್ ತುಂಬಾ ಟೆಕ್ಸಾಸಮ್ಮನ ಚರ್ಚಿನ ಹೆಂಗಸರು. ಮುಂದಿನ ಸಾಲಲ್ಲಿ ಕೋಲು ಹಿಡಿದು ಅಜ್ಜಿ. ಮೇಯರ್ ಎದ್ದು ನಿಂತು, "ಇದು ಬಹಳ ಒಳ್ಳೇ ವಿಚಾರ. ಆದ್ರೆ..." ಅಂದ. ಅವನು ಆದ್ರೆ ಅನ್ನೋ ಹೊತ್ತಿಗೆ ನಾನು ವೇದಿಕೆ ಮೇಲಿದ್ದೆ. ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೈಗಿಟ್ಟು ಕೈ ಮುಗಿದೆ. ಪೇಪರಿನೋನು ಫಳ್ ಫಳ್ ಅಂತ ಫೋಟೋ ತೆಗೆದ.

ನಮ್ಮೆಜಮಾನ್ರು ವೇದಿಕೆ ಪಕ್ಕಕ್ಕೆ ಓಡಿಬಂದ್ರು. "ಲೇ, ಅವರಿನ್ನೂ ಒಪ್ಪಿಲ್ಲ ಕಣೇ."

"ಮತ್ತೆ ಇಷ್ಟು ಜನಾನ ಯಾಕ್ರೀ ಕರೆದಿದ್ದು?"

"ಒಪ್ಬೇಕಾ ಬೇಡ್ವಾ ಅಂತ ಯೋಚ್ನೆ ಮಾಡೋಕೆ."

"ಜನರ ಮುಂದೆ ಕೂತ್ಕೊಂಡು ಯಾರಾದ್ರೂ ಯೋಚ್ನೆ ಮಾಡ್ತಾರೇನ್ರೀ?"

ಮೇಯರ್ ತಟ್ಟೆ ಕೆಳಗಿಟ್ಟು ಹಾರ ತೆಗೆಯೋಕೆ ಹೋದ. ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ವೇದಿಕೆ ಹತ್ತಿ ಬಂದು ಅವನ ಕೈ ಹಿಡ್ಕೊಂಡ್ರು.

"ಥ್ಯಾಂಕ್ಯೂ ಮೇಯರ್."

"ಅಮ್ಮ, ನಾವಿನ್ನೂ ತೀರ್ಮಾನ ಮಾಡಿಲ್ಲ."

"ಹೂವು ಹಾಕ್ಕೊಂಡಿದೀಯ."

ಚರ್ಚಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಚಪ್ಪಾಳೆ ಶುರು ಮಾಡಿದ್ರು. ಪೇಪರಿನೋನು ಇನ್ನೊಂದು ಫೋಟೋ ತೆಗೆದ. ಮೇಯರ್ ಹಲ್ಲು ಬಿಟ್ಕೊಂಡೇ, "ಕೈ ಬಿಡಿ ಅಮ್ಮ" ಅಂದ.

"ಹೇಳು, ಬಿಡ್ತೀನಿ."

ಅವನು ವೇದಿಕೆ ಮೇಲೆ ಕೂತಿದ್ದ ಊರಿನ ಕೌನ್ಸಿಲ್ ಮೆಂಬರುಗಳ ಕಡೆ ತಿರುಗಿದ. ಅವರು ಹಾರ ನೋಡಿದ್ರು, ಕ್ಯಾಮೆರಾ ನೋಡಿದ್ರು, ಅಜ್ಜಿ ಹಿಡಿದಿದ್ದ ಕೈ ನೋಡಿದ್ರು. ಆಮೇಲೆ ಒಬ್ಬೊಬ್ಬರೇ ಕೈ ಎತ್ತಿದ್ರು. ಮೇಯರ್ ಗಂಟಲು ಸರಿ ಮಾಡ್ಕೊಂಡು, ಜೂನ್ ಹತ್ತೊಂಬತ್ತು ಈ ಊರಿನ ಹಬ್ಬ, ಗುಲಾಮಗಿರಿ ಮುಗಿದ ದಿನ ಅಂತ ಮೈಕಲ್ಲಿ ಹೇಳಿದ.

"ಈ ಕಡೆ ಕಿವಿ ಕೇಳಲ್ಲ" ಅಂತ ಅಜ್ಜಿ ಇನ್ನೊಂದು ಕಿವಿ ಕೊಟ್ರು. ಇನ್ನೊಂದು ಸಲ ಹೇಳಿದ.

ಆಗ ಕೈ ಬಿಟ್ರು. ಟೆಕ್ಸಾಸಮ್ಮ ಕೂತಲ್ಲೇ ಅಳ್ತಿದ್ಲು. ನಾನು ಅಜ್ಜೀನ ಮೆಟ್ಟಿಲಿಳಿಸಿಕೊಂಡು ಬಂದೆ. ಅರ್ಧಕ್ಕೆ ನಿಂತು, ಮೇಯರ್ ಹೆಗಲ ಮೇಲಿದ್ದ ಶಾಲನ್ನ ತಿರುಗಿ ನೋಡಿ ಮೆಲ್ಲಗೆ ಕೇಳಿದ್ರು:

"ನಿನ್ನ ಹತ್ರ ಇಂಥದ್ದು ಇನ್ನೊಂದಿದೆಯಾ?"

"ಯಾಕಜ್ಜಿ, ನಿಮಗಾ?"

"ನನಗ್ಯಾಕೆ? ಗವರ್ನರ್‌ಗೆ."