ಅಜ್ಜ ಓದಿದ ಪುಟ, ಮೊಮ್ಮಗಳ ಚುಕ್ಕಿ

ಗಜೇಂದ್ರಗಡದ ಸೀರೆ ವ್ಯಾಪಾರಿ ಗವಿಸಿದ್ದಪ್ಪ ಮನುಷ್ಯರನ್ನೂ ಸೀರೆಯ ಹಾಗೆಯೇ ನೋಡುತ್ತಿದ್ದ: ಮೊದಲು ಅಂಚು, ಆಮೇಲೆ ಸೆರಗು, ಕೊನೆಗೆ ಬೆರಳಲ್ಲಿ ಉಜ್ಜಿ ಬಣ್ಣ. ಏಳು ವರ್ಷದ ಮೊಮ್ಮಗಳು ಉಮಾಶ್ರೀಯ ಬಗ್ಗೆ ಅವನ ಅಂದಾಜು ಹೀಗಿತ್ತು: ನೂಲು ಅಸಲಿ, ಬಣ್ಣ ಪಕ್ಕಾ, ಬಾಯಿಯಂತೂ ಎರಡು ಅಂಗಡಿ ನಡೆಸುವಷ್ಟು. ಇದ್ದದ್ದು ಒಂದೇ ಐಬು. ಪುಸ್ತಕ ಮುಂದಿಟ್ಟರೆ ಮಾತ್ರ ಈ ಸೀರೆ ಮಡಿಕೆ ಬಿಚ್ಚುತ್ತಿರಲಿಲ್ಲ.

ಅವಳ ಶಾಲೆಯಲ್ಲಿ ಎರಡನೆಯ ತರಗತಿಯ ಮಕ್ಕಳು ಶನಿವಾರಕ್ಕೊಬ್ಬರಂತೆ ಎದ್ದು ನಿಂತು ಒಂದು ಪುಟ ಓದಬೇಕು. ಹೋದ ಸರದಿಯಲ್ಲಿ ಉಮಾಶ್ರೀ ಎದ್ದು ನಿಂತಳು, ಒಂದಕ್ಷರವೂ ಹೊರಡದೆ ಅತ್ತು ಕುಳಿತಳು. ಅಂದಿನಿಂದ ಶನಿವಾರ ಬಂತೆಂದರೆ ಹೊಟ್ಟೆನೋವು. ಮುಂದಿನ ಸರದಿಗೆ ಮೂರೇ ವಾರ ಉಳಿದಿತ್ತು, ಅದೂ ಪಾಲಕರೆಲ್ಲರ ಎದುರಿಗೆ.

ಗವಿಸಿದ್ದಪ್ಪ ಗಾದಿಯ ಮೇಲಿಂದ ಜಗತ್ತಿಗೇ ಕೇಳುವಂತೆ ಪ್ರತಿಜ್ಞೆ ಮಾಡಿದ. "ಮೂರ ವಾರದಾಗ ಈ ಹುಡುಗಿ ಪಟಪಟ ಓದತಾಳ. ನಾ ಓದಸ್ತೀನಿ."

ಮೊಬೈಲ್ ಅಂಗಡಿಯ ಜಹೀರ ಒಂದು ಟ್ಯಾಬ್ ಕೊಟ್ಟು, ಅದರಲ್ಲಿ ಮಕ್ಕಳ ಕತೆಯ ಆ್ಯಪ್ ಹಾಕಿಕೊಟ್ಟ. ಪುಟವನ್ನು ಗಟ್ಟಿಯಾಗಿ, ತಪ್ಪಿಲ್ಲದೆ ಓದಿದರೆ ಅದು ಕೇಳಿಸಿಕೊಂಡು ಒಂದು ಬಂಗಾರದ ಚುಕ್ಕಿ ಕೊಡುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಬರೀ ಚುಕ್ಕಿಗೆ ಯಾರು ದುಡಿಯುತ್ತಾರೆ ಎಂದು ವ್ಯಾಪಾರಿಯ ತಲೆ ಓಡಿತು. ಹತ್ತು ಚುಕ್ಕಿಗೆ ಕರದಂಟಿನ ಒಂದು ತುಂಡು ಇನಾಮು ಎಂದು ಸಾರಿದ. ಕರದಂಟಿನ ಡಬ್ಬಿಯ ಕೀಲಿ ಹೆಂಡತಿ ಗೌರವ್ವನ ಸೊಂಟದಲ್ಲಿತ್ತು. ಚುಕ್ಕಿ ನೋಡಿ ಅವಳೇ ಕೊಡಬೇಕು. ಗಂಡನಿಗೆ ಸಕ್ಕರೆ ಕಾಯಿಲೆ ಬಂದ ಎರಡು ವರ್ಷದಿಂದ ಆ ಡಬ್ಬಿಗೆ ಬೀಗ ಬಿದ್ದಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಉಮಾಶ್ರೀ ಅಂಗಡಿಗೆ ಬಂದು, ಗಾದಿಯ ಮೇಲೆ ಅಜ್ಜನಿಗೆ ಒತ್ತಿ ಕುಳಿತು, ದನಿ ಇಳಿಸಿ ಹೇಳಿದಳು: "ಅಜ್ಜಾ, ನೀ ಓದು. ಕರದಂಟ ಬಂತಂದ್ರ ಅರ್ಧಾ ನಿಂದು."

ನಲವತ್ತು ವರ್ಷ ನೇಕಾರರ ಜೊತೆ, ಗಿರಾಕಿಗಳ ಜೊತೆ ಚೌಕಾಸಿ ಮಾಡಿದ್ದ ಮನುಷ್ಯ, ಒಂದು ಮಾತೂ ಎಳೆಯದೆ ಒಪ್ಪಿಬಿಟ್ಟ.

ಓದಲು ಬಾಯಿ ತೆರೆದರೆ ದನಿ ತಾನಾಗಿ ಏರಿತು. ಎದುರಿನ ಅಂಗಡಿಯವರು ಹೊರಬಂದು ನೋಡಿದರು. ಅದು ಮಗ್ಗದ ಮನೆಯ ದನಿ. ಅವನಿಗೆ ಒಂಬತ್ತು ವರ್ಷವಿದ್ದಾಗ ಮನೆಯಲ್ಲಿ ಆರು ಮಗ್ಗ. ಸಂಜೆ ಶಾಲೆಯಿಂದ ಬಂದೊಡನೆ ಅವನನ್ನು ಮಗ್ಗಗಳ ನಡುವೆ ನಿಲ್ಲಿಸಿ, ಕೈಗೊಂದು ಕತೆಯ ಪುಸ್ತಕ ಕೊಡುತ್ತಿದ್ದರು. ಲಾಳಿ ಆ ಕಡೆ ಹೋಗುವಾಗ ಒಂದು ಮಾತು, ಈ ಕಡೆ ಬರುವಾಗ ಒಂದು ಮಾತು. ಸದ್ದಿನ ಮೇಲೆ ಕೇಳುವಂತೆ ಓದಬೇಕು. ಓದು ನಿಂತರೆ ಮಗ್ಗವೂ ನಿಧಾನವಾಗುತ್ತಿತ್ತು. ಮೊದಲನೆಯ ಮಗ್ಗದಿಂದ ಸೋದರತ್ತೆ ಚೌಡವ್ವ "ಮುಂದ ಏನಾತೋ ತಮ್ಮಾ?" ಎನ್ನುತ್ತಿದ್ದಳು. ಗೊತ್ತಾಗದ ಸಾಲು ಬಂದರೆ ಅವನು ತನ್ನದೇ ಸಾಲು ಹೊಸೆದು ಸೇರಿಸುತ್ತಿದ್ದ. ಅವನ ಕತೆಯ ರಾಣಿಯರೆಲ್ಲ ಗಜೇಂದ್ರಗಡದ ಸೀರೆಯನ್ನೇ ಉಟ್ಟರು. ತಪ್ಪು ಹಿಡಿಯಲು ಅಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ಮಗ್ಗದ ಮನೆಗೆ ರೇಡಿಯೊ ಬಂತು. ಹುಡುಗನನ್ನು ಯಾರೂ ಕರೆಯಲಿಲ್ಲ. ಅಂದಿನಿಂದ ಗವಿಸಿದ್ದಪ್ಪ ಅಂಗಡಿಯ ಬಿಲ್ಲು ಬಿಟ್ಟು ಬೇರೇನನ್ನೂ ಓದಿರಲಿಲ್ಲ.

ಈಗ ಹಳೆಯ ಚಾಳಿಯೂ ಹಿಂದೆಯೇ ಬಂತು. ಸಣ್ಣ ಅಕ್ಷರ ಕಾಣದ ಕಡೆ, ಅವನು ಓದಿದ ಕತೆಯ ನರಿ ಬಸ್ ಸ್ಟ್ಯಾಂಡಿಗೆ ಹೋಗಿ ಮಿರ್ಚಿ, ಗಿರಮಿಟ್ ತಿಂದಿತು. ಚೌಡವ್ವನಾಗಿದ್ದರೆ ಒಪ್ಪುತ್ತಿದ್ದಳು. ಆ್ಯಪ್ ಒಪ್ಪಲಿಲ್ಲ.

"ಚುಕ್ಕಿ ಬರಲಿಲ್ಲ ನೋಡು," ಎಂದಳು ಉಮಾಶ್ರೀ, ಪರದೆಯ ಮೇಲೆ ಬೆರಳಿಟ್ಟು. "ಇಲ್ಲೆ ಗಿರಮಿಟ್ ಎಲ್ಲೈತಿ? ಬಾವಿ ಅಂತ ಐತಿ. ಸುಮ್ಮ ಇದ್ದದ್ದ ಓದು."

ಆಮೇಲಿನ ದಿನಗಳಲ್ಲಿ ಅಜ್ಜ ಕೂಲಿಯಾಳು, ಮೊಮ್ಮಗಳು ಕೆಲಸ ನೋಡುವ ಮುಕಾದಮಳು. ಅವನು ಓದಿದ, ಅವಳು ಸಾಲಿನಗುಂಟ ಬೆರಳಾಡಿಸಿ ಕಳ್ಳತನ ಹಿಡಿದಳು. ಇನ್ನೂರಾ ಹತ್ತು ಚುಕ್ಕಿಗಳಾದವು. ಮಡಿಕೆ ಬಿಚ್ಚಿತೆಂದು ಗವಿಸಿದ್ದಪ್ಪ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ. ಹೇಳಿ ಹೇಳಿ ತಾನೂ ನಂಬಿದ.

ಆ ಶನಿವಾರ ಉಮಾಶ್ರೀ ಪುಸ್ತಕ ಹಿಡಿದು ನಿಂತಳು. ಕೋಣೆ ತುಂಬ ಪಾಲಕರು, ಅವರ ನಡುವೆ ಗವಿಸಿದ್ದಪ್ಪ, ಗೌರವ್ವ. ಹುಡುಗಿಯ ಕಣ್ಣು ತುಂಬಿತು. ಶಿಕ್ಷಕಿ ನಾಹೀದ ಅಕ್ಕೋರು ಬೆನ್ನು ಸವರಿ, ಅಷ್ಟೊಂದು ಚುಕ್ಕಿ ಗಳಿಸಿದವಳು ಅಂಜಬಾರದು ಎಂದರು.

"ಅವು ನಾ ಓದಿದ್ದಲ್ರಿ ಅಕ್ಕೋರ," ಎಂದಳು ಉಮಾಶ್ರೀ ಮೂಗೊರೆಸಿಕೊಳ್ಳುತ್ತ. "ನಮ್ಮಜ್ಜ ಓದ್ಯಾನ್ರಿ. ನಾ ಅವಗ ಅರ್ಧಾ ಕರದಂಟ ಕೊಡತಿದ್ನಿ."

ಗೌರವ್ವ ಮೆಲ್ಲಗೆ ತಿರುಗಿ ಗಂಡನನ್ನು ನೋಡಿದಳು. ಎರಡು ವರ್ಷದ ಗುಳಿಗೆಗೆ ಇಳಿಯದ ಸಕ್ಕರೆ ಆ ಒಂದು ನೋಟಕ್ಕೆ ಇಳಿಯಿತು.

ಆದರೆ ಗವಿಸಿದ್ದಪ್ಪನಿಗೆ ಆಗ ಕಾಣುತ್ತಿದ್ದುದು ಹುಡುಗಿಯ ಕಣ್ಣೀರು ಮಾತ್ರ. ಎದ್ದು ಹೋಗಿ, ಅವಳ ಕೈಯ ಪುಸ್ತಕ ತೆಗೆದುಕೊಂಡು, ಮಗ್ಗದ ದನಿಯಲ್ಲಿ ತಾನೇ ಓದತೊಡಗಿದ. ಚಾಳೀಸಿನ ಕನ್ನಡಕ ಅಂಗಡಿಯಲ್ಲಿತ್ತು. ಮೊದಲ ಸಾಲು ಹೇಗೋ ಸಾಗಿತು. ಎರಡನೆಯದರಲ್ಲಿ ಆನೆ ನರಗುಂದದ ಬಸ್ಸು ಹತ್ತಿ, ಕಿಟಕಿಯ ಸೀಟಿಗೆ ಟವೆಲ್ ಹಾಕಿತು. ಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕರು.

ಉಮಾಶ್ರೀ ನಗಲಿಲ್ಲ. ಕಣ್ಣೊರೆಸಿಕೊಂಡು ಪುಸ್ತಕದಲ್ಲಿ ಇಣುಕಿದಳು. ಅವಳಿಗೆ ತಡೆಯಲಾಗಲಿಲ್ಲ.

"ಹಂಗಿಲ್ಲಜ್ಜಾ. ನೀ ಸುಳ್ಳ ಓದಾಕತ್ತಿ. ಕೊಡಿಲ್ಲೆ."

ಬೆರಳಿಟ್ಟು ಓದಿದಳು. "ಆನೆ ನದಿಯ ದಂಡೆಗೆ ಹೋಗಿ ನೀರು ಕುಡಿಯಿತು." ಆಮೇಲೆ ಮುಂದಿನ ಸಾಲು, ಅದರ ಮುಂದಿನದು. ಪುಟ ಮುಗಿಯಿತು, ಹೊರಳಿಸಿ ಇನ್ನೊಂದನ್ನೂ ಹಿಡಿದಳು. ಪಕ್ಕದಲ್ಲಿ ಕಂಬದಂತೆ ನಿಂತೇ ಇದ್ದ ಗವಿಸಿದ್ದಪ್ಪನಿಗೆ ನಾಹೀದ ಅಕ್ಕೋರು ಮೆಲ್ಲಗೆ, "ಇನ್ನ ನೀವು ಕೂಡ್ರಿ," ಎಂದರು.

ಅವನು ಹಿಂದಿನ ಬೆಂಚಿನಲ್ಲಿ, ಮಕ್ಕಳ ನಡುವೆ ಮೊಣಕಾಲು ಮಡಚಿ ಕುಳಿತು ಕೇಳಿದ. ಓದಿಸುತ್ತೇನೆಂದು ಹೊರಟವನು ಅವನು. ಆದರೆ ರೇಡಿಯೊ ಬಂದ ದಿನ ಬಿಟ್ಟುಹೋಗಿದ್ದ ಓದು ಐವತ್ತು ವರ್ಷದ ಮೇಲೆ ಗವಿಸಿದ್ದಪ್ಪನಿಗೆ ಮರಳಿ ಸಿಕ್ಕಿದ್ದು ಉಮಾಶ್ರೀಯಿಂದ. ಅದಕ್ಕೆ ಅವನು ಅವಳಿಗೆ ಋಣಿ.